ದಾವಲಕ್ಕನಿಗೆ ಓದಿದ ಐದನೇ ಭಾಗ

ಹೋದ ಬೇಸಿಗೆ ರಜೆಯಲ್ಲಿ ಮಗಳ ಮಗಳು ಅಣ್ಣಿಗೇರಿಗೆ ನಮ್ಮ ಮನೆಗೆ ಬಂದಾಗ ಅವಳ ಚೀಲದಲ್ಲಿ ಒಂದು ಪುಸ್ತಕವಿತ್ತು. ಹೊಳೆಯುವ ರಟ್ಟು, ಮೇಲೆ ಬಣ್ಣದ ಚಿತ್ರ. ಹೆಸರು ಓದಿದವನು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ‘ಹನ್ನೆರಡು ಬಾಗಿಲ ಊರು’, ಐದನೇ ಭಾಗ. ನಾನು ಹುಡುಗನಿದ್ದಾಗ ಅದು ಮಾಸಿದ ಹಳದಿ ರಟ್ಟಿನ ಪುಸ್ತಕ. ಈಗ ಹೊಸದಾಗಿ ಅಚ್ಚು ಹಾಕಿದ್ದಾರೆ, ಹುಬ್ಬಳ್ಳಿಯ ಅಂಗಡಿಯಲ್ಲಿ ಎಲ್ಲ ಭಾಗಗಳೂ ಸಿಗುತ್ತವಂತೆ.

“ಅಜ್ಜಾ, ಇದನ್ನ ನೀ ಓದಿ ಹೇಳು. ಮೊದಲಿನ ನಾಕೂ ನಾನ ಓದೇನಿ.”

“ಅಕ್ಷರ ಭಾಳ ಸಣ್ಣವು ಅದಾವ ಬೇ. ನಿಮ್ಮಜ್ಜಿ ಕಡೆ ಹೋಗು.”

“ಅಜ್ಜಿಗೆ ಓದಾಕ ಎಲ್ಲಿ ಬರತೈತಿ? ನೀನರ ಪೇಪರಿನ್ಯಾಗಿನ ಸತ್ತೋರ ಸುದ್ದಿ ಸೈತ ಓದತಿ!”

ಮುಖ ಊದಿಸಿಕೊಂಡು ಹೋದಳು. ಅಕ್ಷರಗಳೇನೂ ಸಣ್ಣವಿರಲಿಲ್ಲ. ನನ್ನ ಬಾಲ್ಯದ ಬಗ್ಗೆ ಬರೆಯಲು ಕೂತಾಗಿನಿಂದ ಈ ಅಧ್ಯಾಯವೊಂದನ್ನು ದಾಟಿ ಮುಂದೆ ಹೋಗಿಬಿಡಬೇಕೆಂದು ಯೋಚಿಸುತ್ತಿದ್ದೆ. ಹೆಂಡತಿಗೆ ಹೇಳಿಲ್ಲ, ಮಕ್ಕಳಿಗೆ ಹೇಳಿಲ್ಲ. ಆದರೆ ಇದನ್ನು ಬಿಟ್ಟರೆ ನಾನು ಎಂಥವನಾದೆ, ಯಾಕೆ ಹಾಗಾದೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ಉಳಿದ ಅಧ್ಯಾಯಗಳೂ ಸುಳ್ಳಾಗುತ್ತವೆ.

ನಾವು ಪಿಂಜಾರರು, ಹತ್ತಿ ಹಿಂಜುವವರು. ಅಣ್ಣಿಗೇರಿಯ ಸಮೀಪದ ಹಳ್ಳಿಯೊಂದರಲ್ಲಿ ನಮ್ಮ ಮನೆ. ಮನೆಯೆಂದರೆ ಮುಂದೆ ಒಂದು ಉದ್ದನೆಯ ಪಡಸಾಲೆ, ಹಿಂದೆ ಅಡಿಗೆಮನೆ, ಅದರಾಚೆ ಹಿತ್ತಲು. ಪಡಸಾಲೆ ಹೆಸರಿಗೆ ಮಾತ್ರ ನಮ್ಮದು. ಅಲ್ಲಿ ಇರುತ್ತಿದ್ದದ್ದು ಅಪ್ಪನ ಬಿಲ್ಲು. ಆಳೆತ್ತರದ ಆ ಬಿಲ್ಲನ್ನು ತೊಲೆಗೆ ಹಗ್ಗದಿಂದ ತೂಗುಹಾಕಿ, ಅದರ ನರದ ದಾರವನ್ನು ಹತ್ತಿಯ ಗುಡ್ಡೆಯೊಳಗೆ ಇಳಿಸಿ, ಕಟ್ಟಿಗೆಯ ಗುಂಡಿನಿಂದ ಅಪ್ಪ ಹೊಡೆಯುತ್ತಿದ್ದ. ಹೊಡೆದಂತೆ ಹತ್ತಿ ಬಿಡಿಬಿಡಿಯಾಗಿ ಅರಳಿ ಮೇಲೆದ್ದು ಪಡಸಾಲೆಯೆಲ್ಲ ಬೆಳ್ಳಗೆ ಆಗುತ್ತಿತ್ತು. ಆ ಅರಳೆಯ ಧೂಳು ನಮ್ಮ ರೆಪ್ಪೆಯ ಮೇಲೆ, ನೀರಿನ ಕೊಡದ ಮೇಲೆ, ರೊಟ್ಟಿಯ ಬುಟ್ಟಿಯೊಳಗೆ. ಊಟಕ್ಕೆ ಕೂತಾಗ ಅಪ್ಪ ಅವ್ವನ ಜಗಳಕ್ಕೆ ಅದೇ ಕಾರಣ.

“ಪುಂಡಿಪಲ್ಯದಾಗ ಅರಳಿ ಐತಿ.”

“ಹಿಂಜಿದವರು ಯಾರು? ನಾನೇನು? ಸುಮ್ನ ತಿನ್ನರಿ, ಹೊಟ್ಟ್ಯಾಗ ಒಂದು ಗಾದಿ ಆಕ್ಕೈತಿ.”

ಅವ್ವ ಹಾಗೆಂದರೆ ಮೊದಲು ನಗುತ್ತಿದ್ದವಳು ದಾವಲಕ್ಕ. ದಾವಲಬಿ ಅವಳ ಹೆಸರು. ನನ್ನ ಒಬ್ಬಳೇ ಅಕ್ಕ. ಎರಡನೇ ಇಯತ್ತೆಯಲ್ಲಿ ಅವಳನ್ನು ಶಾಲೆ ಬಿಡಿಸಿ ಅಪ್ಪನ ಕೈಕೆಳಗೆ ಕೂರಿಸಿದ್ದರು. ಜನ ಹಳೆಯ ಗಾದಿಗಳನ್ನು ತಂದು ಹಾಕುತ್ತಿದ್ದರು. ಅವನ್ನು ಬಿಚ್ಚಿ, ಗಟ್ಟಿಯಾದ ಹತ್ತಿಯನ್ನು ಕೈಯಿಂದ ಬಿಡಿಸಿ, ಕಸ ಆರಿಸಿ ಅಪ್ಪನ ಮುಂದೆ ಒಟ್ಟುವುದು ಅವಳ ಕೆಲಸ. ಗಾದಿಯೊಳಗೆ ಸಿಕ್ಕ ವಸ್ತುಗಳನ್ನು ನೋಡಿ ಆ ಮನೆಯವರ ಗುಟ್ಟು ಹೇಳುತ್ತಿದ್ದಳು. “ನೋಡೋ ಹುಸೇನ್ಯಾ, ಗೌಡರ ಗಾದ್ಯಾಗ ಶೇಂಗಾ ಸಿಪ್ಪಿ. ಹೇಂತಿಗೆ ಕಾಣದಂಗ ಒಬ್ಬರ ತಿಂತಾರ” ಎನ್ನುವಳು. ಒಮ್ಮೆ ಸಣ್ಣ ಹುಡುಗನ ಹಾಲುಹಲ್ಲು ಸಿಕ್ಕಿತ್ತು. ಅದನ್ನು ಎಸೆಯದೆ, ಹೊಸ ಹತ್ತಿಯ ನಡುವೆ ಮತ್ತೆ ಇಟ್ಟು ಹೊಲಿದಳು. “ಅವರ ಸಾಮಾನು ಅವರಿಗಿರಲಿ” ಎಂದಳು. ಅಕ್ಷರ ಕೂಡಿಸಿ ಓದಲು ಅವಳಿಗೆ ಬರುತ್ತಿತ್ತು, ಆದರೆ ಒತ್ತಕ್ಷರ ಬಂದಲ್ಲಿ ಕಲ್ಲಿಗೆ ಎಡವಿದಂತೆ ನಿಲ್ಲುವಳು. ಹೀಗಾಗಿ ಮನೆಯಲ್ಲಿ ಓದುವವನು ನಾನೊಬ್ಬನೇ.

ನಮ್ಮ ಶಾಲೆಯಲ್ಲಿ ಒಂದು ಕಪಾಟು ಪುಸ್ತಕಗಳಿದ್ದವು. ಗುರುಗಳು ಶನಿವಾರಕ್ಕೊಮ್ಮೆ ಅದನ್ನು ತೆರೆದು ಒಬ್ಬೊಬ್ಬರಿಗೆ ಒಂದೊಂದು ಕೊಡುತ್ತಿದ್ದರು. ‘ಹನ್ನೆರಡು ಬಾಗಿಲ ಊರು’ ನನಗೆ ಸಿಕ್ಕದ್ದು ಅಲ್ಲಿ. ಕೇದಗಿ ಎಂಬ ಹುಡುಗಿ, ಸೋಮು ಎಂಬ ಅವಳ ತಮ್ಮ. ಅಜ್ಜಿಯ ಮನೆಯ ನೆಲದಡಿಯ ಹಗೆವಿನಲ್ಲಿ ಜೋಳ ತೆಗೆಯಲು ಇಳಿದವರು ಬೇರೆ ಲೋಕದ ಒಂದು ಊರಿಗೆ ಹೋಗಿ ಬೀಳುತ್ತಾರೆ. ಊರಿಗೆ ಹನ್ನೆರಡು ಬಾಗಿಲು, ಒಂದೊಂದು ಬಾಗಿಲ ಹೊರಗೆ ಒಂದೊಂದು ಕಾಲ. ಮಾತಾಡುವ ಒಂದು ಹೇಸರಗತ್ತೆ ಅವರ ಗೆಳೆಯ, ಬೂದಿರಾಜ ಅವರ ವೈರಿ. ಇದನ್ನು ನಾನು ಮನೆಯಲ್ಲಿ ಓದುತ್ತಿದ್ದ ರೀತಿ ಬೇರೆಲ್ಲೂ ಇರಲಿಕ್ಕಿಲ್ಲ. ಬಿಲ್ಲು ಹೊಡೆಯುವಾಗ ಎದುರಿನವರು ಕೂಗಿದರೂ ಕೇಳಿಸುತ್ತಿರಲಿಲ್ಲ. ಅಪ್ಪ ಹತ್ತಿ ತಿರುವಿ ಹಾಕಲು ನಿಂತಾಗ ಮಾತ್ರ ನನ್ನ ಸರದಿ. ಸ್ವಲ್ಪ ಬಿಲ್ಲು, ಸ್ವಲ್ಪ ಕತೆ, ಮತ್ತೆ ಬಿಲ್ಲು. ಬೂದಿರಾಜ ಕೇದಗಿಯ ಬೆನ್ನು ಹತ್ತಿದಾಗ ಸರಿಯಾಗಿ ಬಿಲ್ಲು ಶುರುವಾದರೆ ಅಕ್ಕ ಕೈಯಲ್ಲಿದ್ದ ಹತ್ತಿಯನ್ನು ಅಪ್ಪನ ಮೇಲೆ ತೂರುತ್ತಿದ್ದಳು. ಕ್ರಮೇಣ ಅಪ್ಪ ನಿಲ್ಲುವ ಹೊತ್ತು ಉದ್ದವಾಗುತ್ತ ಬಂತು.

“ಅಪ್ಪಾ, ನೀನೂ ಕೇಳಾಕತ್ತೀಯಲ್ಲ!” ಎಂದು ಅಕ್ಕ ಕೆಣಕಿದರೆ,

“ಕೈ ಸೋತಾವ ಅಂತ ನಿಂತೇನವಾ. ನಿಮ್ಮ ಕತ್ತಿ ಕತಿ ಯಾರಿಗೆ ಬೇಕು?” ಎನ್ನುವನು. ಸ್ವಲ್ಪ ಹೊತ್ತಾದ ಮೇಲೆ, “ಅದೇನಂತಪಾ ಆ ಹೇಸರಗತ್ತಿ?” ಎಂದು ತಾನೇ ಕೇಳುವನು.

ನಾಲ್ಕನೇ ಭಾಗದ ಕೊನೆಗೆ ಬೂದಿರಾಜ ಕೇದಗಿಯನ್ನು ಹಿಡಿದು ತನ್ನ ಅರಮನೆಗೆ ಒಯ್ಯುತ್ತಾನೆ. ಸೋಮು ಒಬ್ಬನೇ ಮನೆಗೆ ಮರಳುತ್ತಾನೆ. ಅಲ್ಲಿಗೆ ಪುಸ್ತಕ ಮುಗಿದಾಗ ಅಕ್ಕನಿಗೆ ತಡೆಯಲಾಗಲಿಲ್ಲ. ಐದನೇ ಭಾಗವನ್ನು ಬೇರೆ ಹುಡುಗ ಒಯ್ದಿದ್ದ, ಜ್ವರವೆಂದು ಶಾಲೆಗೆ ಬರುತ್ತಿರಲಿಲ್ಲ. ಅದೇ ದಿನಗಳಲ್ಲಿ ಅಳ್ನಾವರದಿಂದ ಜನ ಬಂದು ಅಕ್ಕನನ್ನು ನೋಡಿ ಒಪ್ಪಿದರು. ಹುಡುಗನಿಗೆ ಅಲ್ಲಿ ಕಟ್ಟಿಗೆ ಕೊಯ್ಯುವ ಮಿಲ್ಲಿನಲ್ಲಿ ಕೆಲಸ. ಮದುವೆ ಗೊತ್ತಾದ ಸಂಜೆಯೂ ಅಕ್ಕ ನನ್ನನ್ನು ಹಿತ್ತಲಿಗೆ ಕರೆದು ಕೇಳಿದ್ದು ಪುಸ್ತಕವನ್ನೇ.

“ಬಂತೇನೋ?”

“ಇನ್ನೂ ಇಲ್ಲ.”

“ಲಗ್ನ ಆಗೂದ್ರಾಗ ತರಬೇಕು ನೋಡು. ಅಲ್ಲಿ ಹೋದ ಮ್ಯಾಲೆ ನನಗ ಯಾರು ಓದಿ ಹೇಳತಾರ? ಆಕಿ ಹೊರಗ ಬಂದಳೋ ಇಲ್ಲೋ ಅನ್ನೂದು ತಿಳೀದ ಹೆಂಗ ಹೋಗ್ಲಿ?”

ಪಿಂಜಾರರ ಮನೆಯ ಮಗಳ ಮದುವೆಗೆ ಗಾದಿಯನ್ನು ಮನೆಯವರೇ ಹೊಸ ಹತ್ತಿಯಲ್ಲಿ ಮಾಡಬೇಕು, ಬೇರೆಯವರ ಕೈ ತಾಗಬಾರದು. ಆ ಗಾದಿಯ ಹತ್ತಿ ಹಿಂಜುತ್ತಿದ್ದ ದಿನ ಪುಸ್ತಕ ಸಿಕ್ಕಿತು. ಓಡಿ ಬಂದು, ದಫ್ತರ ಎಸೆದು, ಅಲ್ಲೇ ಕೂತು ಓದತೊಡಗಿದೆ. ಅಪ್ಪನ ತಾಯಿ, ನಮ್ಮ ಆಯಿ, ಗೋಡೆಗೆ ಒರಗಿ ಗಾದಿಯ ಅರಿವೆಗೆ ಅಂಚು ಹೊಲಿಯುತ್ತಿದ್ದಳು. ಮನೆಯಲ್ಲಿ ಆಯಿ ಹೇಳಿದ್ದೇ ನಡೆಯುತ್ತಿತ್ತು. ಅಪ್ಪ ಅವಳೆದುರು ದನಿ ಎತ್ತಿದ್ದನ್ನು ನಾನು ಕಂಡಿಲ್ಲ. ಕತೆಯಲ್ಲಿ ಬೂದಿರಾಜ ಕೇದಗಿಯ ಸುತ್ತ ಬಾಗಿಲಿಲ್ಲದ ಗೋಡೆ ಕಟ್ಟಿಸಿದ್ದ. ದಿನವಿಡೀ ಬೂದಿ ಬಳಿಯುವುದು ಅವಳ ಕೆಲಸ. ಹೇಸರಗತ್ತೆ ಬಿಲ ತೋಡಿಕೊಂಡು ಗೋಡೆಯ ಬುಡಕ್ಕೆ ಬಂದು, ಈ ಗೋಡೆ ಬೀಳಿಸುವ ಗುಟ್ಟು ಹೇಳುತ್ತೇನೆ ಕೇಳು ಎಂದಿತು. ಅಷ್ಟರ ತನಕ ಅಕ್ಕನಿಗೆ ಕೇಳಿಸಿತ್ತು. ಮುಂದಿನ ಸಾಲನ್ನು ಆಯಿಯ ಪಕ್ಕದಲ್ಲೇ ಕೂತಿದ್ದ ನಾನು ಮೆಲ್ಲಗೆ, ನನಗೇ ಎಂಬಂತೆ ಒಮ್ಮೆ ಓದಿಕೊಂಡೆ. ‘ಕೂಗು. ಈ ಮನೆ ನನಗೆ ಬೇಡ ಎಂದು ಕೂಗು. ಯಾರಿಗೂ ಕೇಳಿಸದಿದ್ದರೂ ಕೂಗು. ಈ ಗೋಡೆ ಬೀಳುವುದು ಒಳಗಿನ ದನಿಯಿಂದಲೇ.’ ಗಟ್ಟಿಯಾಗಿ ಓದಲು ಬಾಯಿ ತೆರೆಯುವಷ್ಟರಲ್ಲಿ ಆಯಿ ಸೂಜಿ ನಿಲ್ಲಿಸಿದಳು.

“ರಾಜೇಸಾಬಾ, ಬಿಲ್ಲು ಹೊಡಿ.”

ಅಪ್ಪನ ಕೈಯಲ್ಲಿ ಗುಂಡು ಹಾಗೇ ಇತ್ತು. ಅವನಿಗೂ ಗುಟ್ಟು ಬೇಕಾಗಿತ್ತು ಎಂದು ಕಾಣುತ್ತದೆ.

“ಹೊಡಿ ಅಂದೆ.”

ಅಪ್ಪ ಹೊಡೆದ. ನಾನು ಆ ಸಾಲನ್ನು ಓದಿದೆ, ಬಿಲ್ಲಿನ ಸಪ್ಪಳದಲ್ಲಿ ಅದು ಮುಳುಗಿ ಹೋಯಿತು. ಅಕ್ಕ ನನ್ನ ತುಟಿ ಅಲ್ಲಾಡುವುದನ್ನು ನೋಡುತ್ತ, ಏನಂದೀ ಎಂದು ಕೈಸನ್ನೆ ಮಾಡಿದಳು. ಆಯಿ ಎದ್ದು ನನ್ನ ತೋಳು ಹಿಡಿದು ಅಡಿಗೆಮನೆಗೆ ಕರೆದೊಯ್ದಳು. ಮದುವೆಗೆಂದು ಕಟ್ಟಿಟ್ಟಿದ್ದ ಅಂಟಿನುಂಡೆಯ ಡಬ್ಬಿ ತೆಗೆದು ಒಂದು ಉಂಡೆ ನನ್ನ ಕೈಗೆ ಹಾಕಿದಳು.

“ನಾಳೆ ಗಂಡನ ಮನಿಗೆ ಹೋಗೂ ಹುಡುಗಿ ಕಿವ್ಯಾಗ ಇದನ್ನ ಹಾಕತೀ ಏನಲೇ? ಈ ಮನಿ ಬ್ಯಾಡ ಅಂತ ಒದರು ಅಂತ?”

“ಪುಸ್ತಕದಾಗ ಹಂಗ ಐತಿ ಆಯಿ.”

“ಪುಸ್ತಕ ಬರದಾವಗ ಹೆಣ್ಣಮಕ್ಕಳು ಇದ್ದಿದ್ದಿಲ್ಲ ಕಾಣತೈತಿ. ಓದಬ್ಯಾಡ ಅನ್ನೂದಿಲ್ಲ ನಾನು. ಛಲೋ ಮಾಡಿ ಓದು.”

ಆಯಿ ಕೆಟ್ಟವಳಲ್ಲ. ಹನ್ನೊಂದು ಹೆತ್ತು ಇಬ್ಬರನ್ನು ಉಳಿಸಿಕೊಂಡವಳು. ಬಾಯಿ ಮುಚ್ಚಿಕೊಂಡು ಬಾಳಿದ್ದರಿಂದಲೇ ತಾನು ಉಳಿದೆ ಎಂದು ನಂಬಿದ್ದಳು, ಮೊಮ್ಮಗಳೂ ಉಳಿಯಲಿ ಎಂದು ಬಯಸಿದಳು. ಅವಳು ಕೇಳಿದ್ದು ಇಷ್ಟೇ, ಆ ಸಾಲು ಬಿಡು ಎಂದು. ಉಳಿದದ್ದನ್ನು ಮಾಡಿದವನು ನಾನು. ಉಂಡೆ ಜಗಿಯುತ್ತ ಪಡಸಾಲೆಗೆ ಬಂದು ಕೂತೆ. ಬಿಲ್ಲು ನಿಂತಿತು. ಪುಸ್ತಕವನ್ನು ಎದುರಿಗೆ ಹಿಡಿದು, ಸಾಲುಗಳ ಮೇಲೆ ಕಣ್ಣಾಡಿಸುತ್ತ, ಅಲ್ಲಿ ಇಲ್ಲದ್ದನ್ನು ಓದಿದೆ. ಹೇಸರಗತ್ತೆ ಹೇಳಿತು, ‘ಕೇದಗಿ, ನೀನು ಸುಮ್ಮನಿದ್ದ ಒಂದೊಂದು ದಿನಕ್ಕೆ ಈ ಗೋಡೆಯ ಒಂದೊಂದು ಇಟ್ಟಂಗಿ ತಾನಾಗಿ ಬೀಳುತ್ತದೆ. ಆದರೆ ಒಮ್ಮೆಯಾದರೂ ತವರನ್ನು ನೆನೆದು ಕೂಗಿದೆಯೋ, ಬಿದ್ದ ಇಟ್ಟಂಗಿಗಳೆಲ್ಲ ಎದ್ದು ಮತ್ತೆ ತಮ್ಮ ಜಾಗಕ್ಕೆ ಹೋಗಿ ಕೂರುತ್ತವೆ.’ ಎಲ್ಲಿಂದ ಬಂತೋ ತಿಳಿಯದು. ನೀರು ಹರಿದಂತೆ ಬಂತು. ಕೇದಗಿ ಬಾಯಿ ಬಿಗಿಹಿಡಿದಳು, ಇಟ್ಟಂಗಿ ಬೀಳುತ್ತ ಹೋದವು, ಕೊನೆಯದೂ ಬಿದ್ದಾಗ ಸೋಮು ಎದುರಿಗೆ ನಿಂತಿದ್ದ. ಆಯಿ ಮೆಚ್ಚಿ ತಲೆಯಾಡಿಸಿದಳು. ಅವ್ವ ಅಡಿಗೆಮನೆಯಿಂದ ಬಂದು ನಿಂತು ಕೇಳಿ ಕಣ್ಣೊರೆಸಿಕೊಂಡಳು. ಅಕ್ಕ ಹತ್ತಿ ಬಿಡಿಸುವುದನ್ನು ಮರೆತು ಕೂತಿದ್ದಳು.

“ಭಾಳ ಗಟ್ಟಿ ಹುಡುಗಿ ಬಿಡೋ ಆಕಿ” ಎಂದಳು ಕೊನೆಗೆ.

ನನಗೆ ಆಗ ಆದ ಹೆಮ್ಮೆಯನ್ನು ಇವತ್ತು ಬರೆಯುವಾಗ ಕೈ ತಡೆಯುತ್ತದೆ. ಪುಸ್ತಕದಲ್ಲಿ ಇದ್ದದ್ದಕ್ಕಿಂತ ನನ್ನದೇ ಚೆನ್ನಾಗಿದೆ ಎನ್ನಿಸಿತ್ತು. ಆ ಮೇಲೆ ಜೀವನವಿಡೀ ನಾನು ಛಲೋ ಮಾಡಿ ಓದುವವನೇ ಆದೆ. ಮೆಟ್ರಿಕ್ ಮುಗಿಸಿ ಅಣ್ಣಿಗೇರಿಯಲ್ಲಿ ಗಾದಿ ಅಂಗಡಿ ಹಾಕಿದ ಮೇಲೆ ಅಪ್ಪನ ಎದೆಯ ಬಗ್ಗೆ ಹುಬ್ಬಳ್ಳಿಯ ಡಾಕ್ಟರು ಬರೆದುಕೊಟ್ಟದ್ದನ್ನು, ಬರೀ ಕೆಮ್ಮು, ಬೇಸಿಗೆಗೆ ಹೋಗುತ್ತದಂತೆ ಎಂದು ಓದಿದೆ. ಅಪ್ಪ ನಂಬಿ ಮತ್ತೆ ಬಿಲ್ಲು ಹಿಡಿದ. ಅವನಿಗೆ ಬಹಳ ದಿನ ಉಳಿದಿರಲಿಲ್ಲ.

ಮದುವೆಯಾಗಿ ಅಕ್ಕ ಅಳ್ನಾವರಕ್ಕೆ ಹೋದಳು. ಹೋಗಿ ಬರುವವರು ಕಡಿಮೆ. ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ಗಾಡಿ ಬದಲಿಸಬೇಕು. ಕಟ್ಟಿಗೆ ಲಾರಿಯವರು ಯಾರಾದರೂ ಸಿಕ್ಕರೆ ಅವ್ವ ಅವರ ಕೈಯಲ್ಲಿ ಸುದ್ದಿ ಕೇಳಿ ಕಳಿಸುವಳು. ‘ಆರಾಮ ಅದೇನಿ’ ಎಂಬ ಒಂದೇ ಉತ್ತರ ಬರುತ್ತಿತ್ತು. ಮೊದಲ ರಂಜಾನ್‌ಗೆ ಮಗಳನ್ನು ಕರೆತರಲು ಅಪ್ಪ ಹೋದ. ಅವನು ಕರೆತಂದವಳನ್ನು ನೋಡಿ ಅವ್ವ ಹೊಸ್ತಿಲಲ್ಲೇ ಕುಸಿದಳು. ಅಕ್ಕನ ಕೊರಳಿನ ಎಲುಬು ಎದ್ದಿದ್ದವು. ಒಂದು ಕೈ ಸರಿಯಾಗಿ ಮೇಲೆ ಏಳುತ್ತಿರಲಿಲ್ಲ. ಗರ್ಭ ನಿಂತು, ಮೂರನೇ ತಿಂಗಳಿಗೆ ಹೋಗಿತ್ತು. ಆಗಲೂ ಅತ್ತೆ ಅವಳನ್ನು ಕಟ್ಟಿಗೆ ಹೊರಲು ಕಳಿಸಿದ್ದಳು. ಜ್ವರ ಬಂದರೆ ಕಟ್ಟಿಗೆ ಒಟ್ಟುವ ಮನೆಯಲ್ಲಿ ಮಲಗಿಸಿ ಹೊರಗಿನಿಂದ ಚಿಲಕ ಹಾಕುತ್ತಿದ್ದರಂತೆ. ಇದನ್ನೆಲ್ಲ ಅಪ್ಪನಿಗೆ ಹೇಳಿದವಳು ಅಕ್ಕ ಅಲ್ಲ, ಬಾಜು ಮನೆಯ ಮುದುಕಿ.

“ಯಾಕ ಬೇ ನನ್ನವ್ವಾ, ಒಂದು ಮಾತು ಹೇಳಿ ಕಳಸಬಾರದಾಗಿತ್ತ?” ಅವ್ವ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ಅಳುತ್ತಿದ್ದಳು.

ಅಕ್ಕ ನಕ್ಕಳು. “ಇಟ್ಟಂಗಿ ಮತ್ತ ಏರಿ ಕುಂಡರತಿದ್ದುವಲ್ಲ ಯವ್ವಾ” ಎಂದಳು.

ಅವ್ವನಿಗೆ ಏನೂ ತಿಳಿಯಲಿಲ್ಲ, ಜ್ವರದ ಬಡಬಡಿಕೆ ಎಂದುಕೊಂಡಳು. ಬಾಗಿಲ ಹಿಂದೆ ನಿಂತಿದ್ದ ನನಗೆ ತಿಳಿಯಿತು. ಅಕ್ಕ ಅದನ್ನು ನಂಬಿದ್ದಳೋ, ಇಲ್ಲ ಬರೀ ಚೇಷ್ಟೆಗೆ ಅಂದಳೋ ಎಂದು ನಾನು ಇಷ್ಟು ವರ್ಷ ಯೋಚಿಸಿದ್ದೇನೆ. ಅವಳೇನು ಸಣ್ಣ ಕೂಸಲ್ಲ. ಆದರೆ ಚಿಲಕ ಹಾಕಿದ ಕತ್ತಲೆಯ ಕೋಣೆಯಲ್ಲಿ ಜ್ವರದಿಂದ ಬಿದ್ದವರಿಗೆ ಹಿಡಿದುಕೊಳ್ಳಲು ಏನಾದರೂ ಬೇಕು. ಅವಳ ಕೈಗೆ ನಾನು ಕೊಟ್ಟು ಕಳಿಸಿದ್ದು ಅದು.

ಅಕ್ಕ ನಮ್ಮಲ್ಲಿ ಇದ್ದು ಸ್ವಲ್ಪ ಚೇತರಿಸಿಕೊಂಡಳು. ಮತ್ತೆ ನಗಿಸತೊಡಗಿದಳು. ಹಬ್ಬ ಮುಗಿದು ಕೆಲ ವಾರಗಳಾದ ಮೇಲೆ ಮಾವ, ಅಂದರೆ ಅವಳ ಗಂಡ, ಕರೆದೊಯ್ಯಲು ಬಂದ. ಕೂತಲ್ಲಿ ನೆಲ ನೋಡುತ್ತ ಕೂರುವ ಮನುಷ್ಯ. ತಾಯಿಗೆ ಹೇಳುತ್ತೇನೆ, ಇನ್ನು ಮುಂದೆ ಹಾಗಾಗುವುದಿಲ್ಲ ಎಂದ. ಜಮಾತಿನ ಹಿರಿಯರು ಬಂದು ಕೂತು ಚಹಾ ಕುಡಿದು, ಕಳಿಸುವುದೇ ಸರಿ ಎಂದರು. ಅಪ್ಪ ಹಿತ್ತಲಲ್ಲಿ ಒಬ್ಬನೇ ನಿಂತಿದ್ದಾಗ ಅವ್ವ ಹೋಗಿ ಕೇಳಿದಳು.

“ಕಳಸೂದಿಲ್ಲ ಅಂತ ಒಂದು ಮಾತು ಅನ್ನಾಕ ಆಗೂದಿಲ್ಲೇನು ನಿಮಗ?”

“ಹುಡುಗಿ ತಾನ ಬಾಯಿ ಬಿಡವಲ್ಲಳು. ಒಲ್ಲೆ ಅಂತ ಆಕಿ ಒಮ್ಮೆ ಅಂದಿದ್ದರ ನಾ ಎಲ್ಲಾರಿಗೂ ಎದುರು ನಿಲ್ಲತಿದ್ದೆ. ಆಕಿ ಸುಮ್ನ ಕುಂತಾಳ. ನಾ ಏನ್ ಮಾಡ್ಲಿ?”

ಆ ಮಾತು ನನ್ನ ಕಿವಿಗೆ ಬಿತ್ತು. ಅವಳ ಬಾಯಿಂದ ಒಂದು ಮಾತು ಹೊರಟರೆ ಸಾಕಿತ್ತು. ಹೊರಡುವ ಹಿಂದಿನ ಮಧ್ಯಾಹ್ನ ಅಕ್ಕ ತಾನಾಗಿ ನನ್ನನ್ನು ಕರೆದಳು. ಐದನೇ ಭಾಗವನ್ನು ಮತ್ತೊಮ್ಮೆ ತಂದು ಓದು ಎಂದಳು. ಗುರುಗಳ ಮನೆಗೆ ಹೋಗಿ ಕೇಳಿ ತಂದೆ. ಆಯಿ ಅಂದು ಮನೆಯಲ್ಲಿರಲಿಲ್ಲ. ಅಪ್ಪ ಮಾವನೊಂದಿಗೆ ಪೇಟೆಗೆ ಹೋಗಿದ್ದ. ಪಡಸಾಲೆಯಲ್ಲಿ ನಾವಿಬ್ಬರೇ. ಬಿಲ್ಲು ತೊಲೆಗೆ ಸುಮ್ಮನೆ ತೂಗುತ್ತಿತ್ತು. ಆ ಪುಟ ತೆರೆದೆ. ‘ಕೂಗು’ ಎಂಬ ಅಕ್ಷರ ಕಣ್ಣೆದುರಿಗಿತ್ತು. ಅಷ್ಟು ಓದಿದ್ದರೆ ಆಗುತ್ತಿತ್ತು. ಆದರೆ ಅದನ್ನು ಓದಿದರೆ, ಮೊದಲು ಓದಿದ್ದು ಸುಳ್ಳೆಂದು ಅವಳಿಗೆ ಗೊತ್ತಾಗುತ್ತದೆ. ಆ ಸುಳ್ಳು ಹಿಡಿದುಕೊಂಡು ಕಟ್ಟಿಗೆಯ ಮನೆಯಲ್ಲಿ ಬಿದ್ದಿದ್ದವಳು ನನ್ನ ಮುಖ ನೋಡುತ್ತಾಳೆ. ಆ ನೋಟಕ್ಕೆ ನಾನು ಹೆದರಿದೆ. ಅಕ್ಕನ ಮೇಲಿನ ಮರುಕಕ್ಕಿಂತ ನನ್ನ ನಾಚಿಕೆ ದೊಡ್ಡದಾಯಿತು. ಈ ಸಲ ಯಾರೂ ನನ್ನ ತೋಳು ಹಿಡಿಯಲಿಲ್ಲ. ಕೈಗೆ ಉಂಡೆಯನ್ನೂ ಹಾಕಲಿಲ್ಲ. ನಾನಾಗಿ, ಹಿಂದೆ ಓದಿದ್ದನ್ನು ನೆನಪಿಸಿಕೊಂಡು, ಒಂದು ಮಾತೂ ತಪ್ಪದಂತೆ ಮತ್ತೆ ಅದನ್ನೇ ಓದಿದೆ. ಅಕ್ಕ ಕಣ್ಣು ಮುಚ್ಚಿ ಕೇಳಿದಳು.

“ಇನ್ನ ಸ್ವಲ್ಪ ಇಟ್ಟಂಗಿ ಉಳದಾವ ಅಷ್ಟ” ಎಂದು ನನ್ನ ಕೆನ್ನೆ ತಟ್ಟಿದಳು.

ಆ ವರ್ಷದ ಮಳೆ ನಿಲ್ಲುವ ಮೊದಲೇ ಅಕ್ಕ ಹೋಗಿಬಿಟ್ಟಳು. ಮತ್ತೆ ಬಸುರಾಗಿದ್ದಳು. ಜ್ವರ ಏರಿ ಬಹಳ ದಿನ ಬಿದ್ದಿದ್ದಳಂತೆ, ನಮಗೆ ಸುದ್ದಿ ಬಂದದ್ದು ಮಣ್ಣು ಮಾಡಿದ ಮೇಲೆ. ಅದನ್ನು ತಡೆಯಲು ನನಗೆ ಸಿಕ್ಕ ಕೊನೆಯ ಗಳಿಗೆ ಯಾವುದೆಂದರೆ, ಅವಳನ್ನು ಕಳಿಸಲು ಸ್ಟೇಷನ್ನಿಗೆ ಹೋಗಿದ್ದ ಮುಂಜಾನೆ. ಅಪ್ಪ ಗಂಟು ಒಳಗಿಟ್ಟು ಇಳಿದ. ಅಕ್ಕ ಕಿಟಕಿಗೆ ಕೂತಳು, ಮಾವ ಅವಳ ಪಕ್ಕಕ್ಕೆ. ಗಾಡಿ ಅಲುಗಿತು. ಅಪ್ಪನ ಕೈ ಕೊಸರಿಕೊಂಡು ಕಿಟಕಿಯ ಜೊತೆ ಓಡಿದೆ.

“ಅಕ್ಕಾ, ಸುಳ್ಳು! ನಾ ಓದಿದ್ದು ಸುಳ್ಳು! ಆಕಿ ಒದರತಾಳ ಅಕ್ಕಾ, ಒದರಿದ ಮ್ಯಾಲೆ ಗ್ವಾಡಿ ಬೀಳತಾವ! ನೀನೂ ಒದರು!”

ಅದೇ ಹೊತ್ತಿಗೆ ಎಂಜಿನ್ನು ಸೀಟಿ ಹಾಕಿತು. ನನ್ನ ದನಿ ನನಗೇ ಕೇಳಿಸಲಿಲ್ಲ. ಅಕ್ಕನಿಗೆ ಕಂಡದ್ದು, ಬಾಯಿ ದೊಡ್ಡದು ಮಾಡಿ ಅಳುತ್ತ ಕೂಗುತ್ತ ಓಡಿ ಬರುತ್ತಿದ್ದ ತಮ್ಮ ಮಾತ್ರ. ಅವಳ ಮುಖದ ಮೇಲೆ ಗಾಬರಿ ಮೂಡಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಣ್ಣಿನಲ್ಲೇ ಗದರುತ್ತ, ತುಟಿಯ ಮೇಲೆ ಬೆರಳಿಟ್ಟು, ಬೇಡ, ಒದರಬೇಡ ಎಂದು ತಲೆಯಾಡಿಸಿದಳು.

ನಾನು ಬಾಯಿ ಮುಚ್ಚಿದೆ.